ಕೈಗೆಟುಕಿದ ಕ್ಯಾಮೆರಾ, ಕಣ್ಣಿಗೆ ಬೀಳದ ಊರು

ಬೆಳಗಿನ ಏಳು ಗಂಟೆ. ಕೊಟ್ಟಿಗೆಹಾರದಲ್ಲಿ ಹತ್ತು ಮಾರು ದೂರ ನಿಂತ ಬಸ್ಸಿನ ಬೋರ್ಡು ಓದಲಾಗದಷ್ಟು ಮಂಜು. ಮೂಡಿಗೆರೆಯಿಂದ ಬಂದ ರಸ್ತೆ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳ, ಮಂಗಳೂರಿನ ಹಾದಿ ಹಿಡಿದರೆ, ಇನ್ನೊಂದು ಕಾಫಿ ತೋಟಗಳ ನಡುವೆ ನುಸುಳಿ ಕಳಸ, ಹೊರನಾಡಿನತ್ತ ಹೋಗುತ್ತದೆ. ಘಾಟಿ ಇಳಿಯುವವರೂ ಹತ್ತಿ ಬಂದವರೂ ಇಲ್ಲೊಮ್ಮೆ ನಿಂತು ಬಿಸಿ ಬಿಸಿ ನೀರು ದೋಸೆ ತಿಂದೇ ಮುಂದೆ ಹೋಗುವುದು ರೂಢಿ.

ರಜಾ ದಿನಗಳಲ್ಲಿ ಪ್ರವಾಸಕ್ಕೆ ಬಂದ ಕಾಲೇಜು ಹುಡುಗರ ದಂಡೂ ಇಲ್ಲಿ ಇಳಿಯುತ್ತದೆ. ಇಳಿದವರ ಕೈಯಲ್ಲೆಲ್ಲ ಮೊಬೈಲು. ಮಂಜಿಗೆ ಬೆನ್ನು ಮಾಡಿ ನಿಂತು ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುತ್ತಾರೆ. ಬಸ್ಸು ಹಾರನ್ ಹೊಡೆಯುತ್ತದೆ, ಹತ್ತಿ ಹೋಗುತ್ತಾರೆ. ಅವರ ಬೆನ್ನ ಹಿಂದೆಯೇ ಹೋಟೆಲಿನ ಒಲೆಯ ಮುಂದೆ ಒಬ್ಬರು ಕಾದ ಕಾವಲಿಯ ಮೇಲೆ ನೀರಿನಂಥ ಹಿಟ್ಟು ಹೊಯ್ಯುತ್ತಾರೆ, ಮುಚ್ಚಳ ಮುಚ್ಚುತ್ತಾರೆ, ತೆಗೆಯುತ್ತಾರೆ. ಒಳಗಿನ ಹಬೆ ಹೊರಗಿನ ಮಂಜಿಗೆ ಸೇರಿಕೊಳ್ಳುತ್ತದೆ. ಇದನ್ನು ಒಂದು ನಿಮಿಷ ನಿಂತು ನೋಡಿದವರು ಎಷ್ಟು ಮಂದಿ?

ಕಿರುಚಿತ್ರ ಮಾಡಬೇಕೆಂಬ ಆಸೆ ಇಂದು ಅನೇಕ ವಿದ್ಯಾರ್ಥಿಗಳಲ್ಲಿದೆ. ಹಿಂದೆ ಆಸೆ ಇದ್ದವರಿಗೆ ಕ್ಯಾಮೆರಾ ಸಿಗುತ್ತಿರಲಿಲ್ಲ. ಇಂದು ಕ್ಯಾಮೆರಾ ಮನೆಯಲ್ಲೇ ಇದೆ. ಸಿಗದೇ ಹೋಗಿರುವುದು ನೋಡುವ ಅಭ್ಯಾಸ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ, ಕಥೆಗಾಗಿ ದೂರದ ನಗರಗಳತ್ತ, ಪರಭಾಷೆಯ ಚಿತ್ರಗಳತ್ತ ಮಕ್ಕಳು ಕಣ್ಣು ಹಾಯಿಸುತ್ತಾರೆ. ತಮ್ಮದೇ ಊರು ಅವರ ಕಣ್ಣಿಗೆ ಬೀಳುವುದಿಲ್ಲ.

ಈ ಮಣ್ಣಿನಿಂದ ತೆರೆಗೆ

ಕೊಟ್ಟಿಗೆಹಾರದಲ್ಲೇ ನಿಂತು ಈ ಮಾತು ಆಡಲು ಕಾರಣವಿದೆ. ಪೂರ್ಣಚಂದ್ರ ತೇಜಸ್ವಿಯವರ (1938-2007) ಹೆಸರಿನ ಪ್ರತಿಷ್ಠಾನ ಇರುವುದು ಇದೇ ಊರಿನಲ್ಲಿ. ಮೈಸೂರಿನಲ್ಲಿ ಎಂ.ಎ. ಮುಗಿಸಿದ ತೇಜಸ್ವಿ ಪಟ್ಟಣದ ನೌಕರಿ ಹುಡುಕದೆ ಮೂಡಿಗೆರೆ ಸೀಮೆಗೆ ಬಂದು ಕಾಫಿ ಕೃಷಿಕರಾದರು. ಕಥೆ, ಕಾದಂಬರಿಗಳ ಜೊತೆಗೆ ಹಕ್ಕಿಗಳ ಛಾಯಾಚಿತ್ರ, ಚಿತ್ರಕಲೆ, ಮೀನು ಶಿಕಾರಿ, ಕಂಪ್ಯೂಟರ್ ಎಲ್ಲದರಲ್ಲೂ ಅವರಿಗೆ ಆಸಕ್ತಿ. ಹಕ್ಕಿಯ ಚಿತ್ರ ತೆಗೆದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಗುಂಡಿ ಒತ್ತುವುದು ಕ್ಷಣದ ಕೆಲಸ, ಕಾಯುವುದು ದಿನಗಟ್ಟಲೆ ಕೆಲಸ.

ಅವರು ಕಂಡದ್ದು ತೋಟದ ಆಳುಗಳು, ಅಂಚೆ ಕಚೇರಿ, ಪುರಸಭೆಯ ಜವಾನ, ಸಣ್ಣ ಊರಿನ ಆಸ್ಪತ್ರೆ, ಕಾಲೇಜು ಹುಡುಗರು. ಆ ಕಥೆಗಳನ್ನು ಸಿನಿಮಾದವರು ಮತ್ತೆ ಮತ್ತೆ ಹುಡುಕಿಕೊಂಡು ಬಂದರು. 1973ರಲ್ಲಿ ಎನ್. ಲಕ್ಷ್ಮೀನಾರಾಯಣ್ 'ಅಬಚೂರಿನ ಪೋಸ್ಟಾಫೀಸು' ತೆಗೆದರು. ಸದಾನಂದ ಸುವರ್ಣ 'ಕುಬಿ ಮತ್ತು ಇಯಾಲ' ನಿರ್ದೇಶಿಸಿದರು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರಸೆಟ್ಟಿಯ ಕಥೆಯನ್ನು ಗಿರೀಶ್ ಕಾಸರವಳ್ಳಿ 'ತಬರನ ಕಥೆ'ಯಾಗಿ ತೆರೆಗೆ ತಂದಾಗ 1986ರ ಅತ್ಯುತ್ತಮ ಚಿತ್ರಕ್ಕಾಗಿ ರಾಷ್ಟ್ರೀಯ ಪುರಸ್ಕಾರವಾದ ಸ್ವರ್ಣಕಮಲ ಅದಕ್ಕೆ ದೊರೆಯಿತು. ತಬರನ ಪಾತ್ರ ವಹಿಸಿದ ಚಾರುಹಾಸನ್ ಶ್ರೇಷ್ಠ ನಟರೆನಿಸಿದರು. 2023ರಲ್ಲಿ ತೆರೆಕಂಡ 'ಡೇರ್‌ಡೆವಿಲ್ ಮುಸ್ತಫಾ' ಚಿತ್ರಕ್ಕೆ ತೇಜಸ್ವಿಯವರ ಓದುಗರೇ ಸೇರಿ ಹಣ ಹೂಡಿದರು. ನಿರ್ದೇಶಕ ಶಶಾಂಕ್ ಸೋಗಾಲ್, ತೆರೆಯ ಮೇಲೆ ಬಹುಪಾಲು ಹೊಸ ಮುಖಗಳು.

ಅರ್ಧ ಶತಮಾನದಿಂದ ಸಿನಿಮಾದವರು ಈ ಗುಡ್ಡಗಳ ಕಥೆಗಳಿಗೆ ಕೈ ಚಾಚುತ್ತಿದ್ದಾರೆ. ಹಾಗಿದ್ದ ಮೇಲೆ ಇಲ್ಲೇ ಹುಟ್ಟಿ ಬೆಳೆದ ವಿದ್ಯಾರ್ಥಿಗೆ ಕಥೆಯ ಬರ ಏಕೆ?

ಹುಂಜದ ಕಥೆ ಕಾನ್‌ಗೆ ಹೋದದ್ದು

ಇದಕ್ಕೆ ಹತ್ತಿರದ ನಿದರ್ಶನವೊಂದಿದೆ. ತನ್ನ ಹುಂಜ ಕೂಗಿದರೆ ಮಾತ್ರ ಊರಿಗೆ ಬೆಳಗಾಗುತ್ತದೆಂದು ನಂಬಿದ ಮುದುಕಿಯ ಕಥೆ ಕೇಳದ ಕನ್ನಡದ ಮಕ್ಕಳು ಕಡಿಮೆ. ಅಜ್ಜಿಯರು ಹೇಳುತ್ತ ಬಂದ ಈ ಕಥೆಯ ಎಳೆಯನ್ನೇ ಹಿಡಿದು ಮೈಸೂರಿನ ಚಿದಾನಂದ ಎಸ್. ನಾಯಕ್ ಒಂದು ಕಿರುಚಿತ್ರ ಮಾಡಿದರು. ಮುದುಕಿಯೊಬ್ಬಳು ಹುಂಜವನ್ನು ಕದ್ದೊಯ್ಯುತ್ತಾಳೆ, ಊರು ಕತ್ತಲಲ್ಲಿ ಮುಳುಗುತ್ತದೆ. 'ಸೂರ್ಯಕಾಂತಿ ಹೂಗಳಿಗೆ ಮೊದಲು ತಿಳಿಯಿತು' ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಈ ಕನ್ನಡ ಚಿತ್ರದ ಉದ್ದ ಹದಿನಾರು ನಿಮಿಷದಷ್ಟು.

ನಾಯಕ್ ವೈದ್ಯಕೀಯ ಪದವಿ ಪಡೆದವರು. ಆ ಬಳಿಕ ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನಲ್ಲಿ ಒಂದು ವರ್ಷದ ಟೆಲಿವಿಷನ್ ಕೋರ್ಸಿಗೆ ಸೇರಿದರು. ವರ್ಷದ ಕೊನೆಯಲ್ಲಿ ವಿದ್ಯಾರ್ಥಿಗಳು ಸೇರಿ ಮಾಡಬೇಕಾದ ಅಭ್ಯಾಸವಾಗಿ ಈ ಚಿತ್ರ ತಯಾರಾಯಿತು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕು ದಿನ. ಛಾಯಾಗ್ರಹಣ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಧ್ವನಿ ಅಭಿಷೇಕ್ ಕದಂ. ಎಲ್ಲರೂ ಸಹಪಾಠಿಗಳು.

ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆಂದೇ 'ಲಾ ಸಿನೆಫ್' ಎಂಬ ವಿಭಾಗವಿದೆ. 2024ರಲ್ಲಿ ಜಗತ್ತಿನ 555 ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಆಯ್ಕೆಯಾದದ್ದು 18. ಅವುಗಳಲ್ಲಿ ಮೊದಲ ಬಹುಮಾನ ಈ ಕನ್ನಡ ಚಿತ್ರಕ್ಕೆ ಬಂತು. ಅಜ್ಜಿ ಮೊಮ್ಮಕ್ಕಳಿಗೆ ಹೇಳುವ ಕಥೆ ಸಾವಿರಾರು ಮೈಲು ಆಚೆಯವರಿಗೂ ಹಿಡಿಸಿತು. ಕಥೆ ಎಲ್ಲಿಂದಲೋ ತಂದದ್ದಲ್ಲ, ಮನೆಯ ಜಗಲಿಯದು.

ಈ ದಾರಿಯಲ್ಲಿ ನಾಯಕ್ ಮೊದಲಿಗರೂ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ್ ಕಾಸರವಳ್ಳಿ ಮಣಿಪಾಲದಲ್ಲಿ ಬಿ.ಫಾರ್ಮ. ಓದಿ, ನಂತರ ಪುಣೆಯ ಅದೇ ಸಂಸ್ಥೆಗೆ ಸೇರಿದರು. 1975ರಲ್ಲಿ ಚಿನ್ನದ ಪದಕದೊಂದಿಗೆ ಹೊರಬಂದರು. ವಿದ್ಯಾರ್ಥಿಯಾಗಿ ಅವರು ಮಾಡಿದ 'ಅವಶೇಷ್' ಎಂಬ ಡಿಪ್ಲೊಮಾ ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಎರಡು ವರ್ಷದ ಬಳಿಕ, 1977ರಲ್ಲಿ, ಅವರ ಮೊದಲ ಪೂರ್ಣಪ್ರಮಾಣದ ಚಿತ್ರ 'ಘಟಶ್ರಾದ್ಧ' ಸ್ವರ್ಣಕಮಲ ಗೆದ್ದಿತು. ಕಿರುಚಿತ್ರವೆಂದರೆ ದೊಡ್ಡ ಸಿನಿಮಾ ಸಿಗದವರ ಸಮಾಧಾನವಲ್ಲ. ಅದು ಈ ವಿದ್ಯೆಯ ಕಾಗುಣಿತ.

ಅಡಿಗಳ ಲೆಕ್ಕ

ಕಾಸರವಳ್ಳಿಯವರ ಕಾಲದ ವಿದ್ಯಾರ್ಥಿಗೂ ಇಂದಿನ ವಿದ್ಯಾರ್ಥಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂದು ಚಿತ್ರ ಮೂಡುತ್ತಿದ್ದದ್ದು ಫಿಲ್ಮಿನ ಸುರುಳಿಯ ಮೇಲೆ. ಚಲನಚಿತ್ರವೆಂದರೆ ಸೆಕೆಂಡಿಗೆ 24ರಂತೆ ತೆಗೆದ ಸ್ಥಿರಚಿತ್ರಗಳ ಸಾಲು. ಒಂದರ ಹಿಂದೊಂದು ಬೇಗ ಬೇಗ ಬಂದಾಗ ನಮ್ಮ ಕಣ್ಣು ಮತ್ತು ಮಿದುಳು ಅವನ್ನು ಬಿಡಿಬಿಡಿಯಾಗಿ ಕಾಣದೆ ಚಲನೆಯಾಗಿ ಕಾಣುತ್ತವೆ. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಚಿತ್ರಗಳು. ಎಂದರೆ ಒಂದು ನಿಮಿಷಕ್ಕೆ 90 ಅಡಿ ಬೇಕು. 400 ಅಡಿಯ ಸುರುಳಿ ನಾಲ್ಕೂವರೆ ನಿಮಿಷದೊಳಗೆ ಖಾಲಿ.

ಪ್ರತಿ ಅಡಿಗೂ ದುಡ್ಡು ತೆರಬೇಕಿದ್ದುದರಿಂದ ಕ್ಯಾಮೆರಾ ಚಾಲೂ ಮಾಡುವ ಮೊದಲು ಹತ್ತು ಸಲ ಯೋಚಿಸಬೇಕಿತ್ತು. ನಟರು ತಾಲೀಮು ಮಾಡಿರಬೇಕು, ಬೆಳಕು ಹೊಂದಿರಬೇಕು, ಎಲ್ಲಿ ಶುರು ಎಲ್ಲಿ ನಿಲುಗಡೆ ಎಂಬುದು ಕಾಗದದ ಮೇಲಿರಬೇಕು. ಬಡತನವೇ ಗುರುವಾಗಿತ್ತು.

ಇಂದು ಮೊಬೈಲಿನಲ್ಲಿ ಎಷ್ಟು ತೆಗೆದರೂ ಖರ್ಚಿಲ್ಲ ಎಂಬ ಭಾವನೆ ಇದೆ. ಇದು ಪೂರ್ತಿ ನಿಜವಲ್ಲ. ಒಳ್ಳೆಯ ಗುಣಮಟ್ಟದ ಒಂದು ನಿಮಿಷದ ದೃಶ್ಯಕ್ಕೆ ನೂರರಿಂದ ನೂರೈವತ್ತು ಎಂ.ಬಿ. ಜಾಗ ಬೇಕೆಂದುಕೊಳ್ಳಿ. ಮೂರು ನಿಮಿಷದ ಚಿತ್ರಕ್ಕೆ ಮೂರು ಗಂಟೆ ಚಿತ್ರೀಕರಿಸಿದರೆ 20 ಜಿ.ಬಿ. ಆಸುಪಾಸು ತುಂಬುತ್ತದೆ. ಅದನ್ನೆಲ್ಲ ಒಮ್ಮೆ ನೋಡಿ ಮುಗಿಸಲೇ ಮೂರು ಗಂಟೆ ಬೇಕು, ಆರಿಸಿ ಜೋಡಿಸಲು ಅದರ ಹತ್ತು ಪಟ್ಟು. ವಿದ್ಯಾರ್ಥಿಗಳು ಉತ್ಸಾಹದಿಂದ ಶುರು ಮಾಡಿದ ಎಷ್ಟೋ ಚಿತ್ರಗಳು ಅರ್ಧಕ್ಕೆ ನಿಲ್ಲುವುದು ಇಲ್ಲಿ. ಆದ್ದರಿಂದ ಹೊರಗಿನಿಂದ ಬರದ ಮಿತಿಯನ್ನು ತಾವೇ ಹಾಕಿಕೊಳ್ಳಬೇಕು. ಮೂರು ನಿಮಿಷದ ಚಿತ್ರವೇ? ಹದಿನೈದು ನಿಮಿಷಕ್ಕಿಂತ ಹೆಚ್ಚು ತೆಗೆಯುವುದಿಲ್ಲ ಎಂದು ಗೆರೆ ಎಳೆದುಕೊಳ್ಳಿ.

ಮೊದಲ ಪಾಠಕ್ಕೆ ಚಿತ್ರವೂ ಬೇಡ, ಒಂದೇ ನಿಮಿಷ ಸಾಕು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ದುಡ್ಡು ಕೊಟ್ಟು ಬಂದ ಜನರಿಗೆ ತೋರಿಸಿದ ಹತ್ತು ಚಿತ್ರಗಳಲ್ಲಿ ಪ್ರತಿಯೊಂದರ ಉದ್ದ ಐವತ್ತು ಸೆಕೆಂಡಿನಷ್ಟು. ಕ್ಯಾಮೆರಾ ಅಲುಗುತ್ತಿರಲಿಲ್ಲ. ಕಾರ್ಖಾನೆಯ ಬಾಗಿಲು ತೆರೆದು ಕೆಲಸಗಾರರು ಹೊರಬರುವುದೇ ಒಂದು ಚಿತ್ರ. ಇದೇ ಅಭ್ಯಾಸವನ್ನು ಕೊಟ್ಟಿಗೆಹಾರದ ದೋಸೆ ಕಾವಲಿಯ ಮುಂದೆ, ತೋಟದ ಗೇಟಿನ ಮುಂದೆ, ಶಾಲೆಯ ಗಂಟೆಯ ಮುಂದೆ ಮಾಡಿ ನೋಡಬಹುದು. ಮೊಬೈಲನ್ನು ಒಂದೆಡೆ ಇಟ್ಟು, ಮುಟ್ಟದೆ, ಐವತ್ತು ಸೆಕೆಂಡು. ಯಾವ ಐವತ್ತು ಸೆಕೆಂಡು, ಯಾವ ಜಾಗದಿಂದ ಎಂದು ತೀರ್ಮಾನಿಸಲು ಅರ್ಧ ದಿನ ಹಿಡಿದರೆ ಪಾಠ ಸರಿಯಾಗಿ ನಡೆದಿದೆ ಎಂದರ್ಥ.

ಮಂಜಿನಲ್ಲಿ ನಿಂತ ಹುಡುಗಿ

ಇನ್ನು ಕಥೆ. ಉದಾಹರಣೆಗೆ ಹೀಗೊಂದನ್ನು ಯೋಚಿಸಬಹುದು. ಪರೀಕ್ಷೆಯ ದಿನ. ತೋಟದ ಲೈನಿನಿಂದ ನಡೆದು ಬಂದ ಹುಡುಗಿಯೊಬ್ಬಳು ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಳೆ. ದಟ್ಟ ಮಂಜು. ಮೊದಲ ಬಸ್ಸು ಅವಳನ್ನು ಕಾಣದೆ ಹೋಗಿಬಿಡುತ್ತದೆ. ಇರುವುದು ಇನ್ನೊಂದೇ ಬಸ್ಸು. ಕೈ ಬೀಸಿದರೆ ಕಾಣುವುದಿಲ್ಲ. ಏನು ಮಾಡಬೇಕು? ದೂರದಿಂದ ಎಂಜಿನ್ನಿನ ಸದ್ದು ಕೇಳುತ್ತದೆ. ಕಾಣದ ಬಸ್ಸು ತನಗೆ ಕೇಳಿಸುತ್ತಿದೆ ಎಂದರೆ ಕಾಣದ ತಾನೂ ಬಸ್ಸಿಗೆ ಕೇಳಿಸಬಹುದಲ್ಲ! ಬ್ಯಾಗಿನಿಂದ ಬುತ್ತಿಯ ಸ್ಟೀಲ್ ಡಬ್ಬಿ ತೆಗೆದು ಕಬ್ಬಿಣದ ಕಂಬಕ್ಕೆ ಬಡಿಯತೊಡಗುತ್ತಾಳೆ. ಬ್ರೇಕ್ ಹಾಕಿದ ಸದ್ದು. ಮುಗಿಯಿತು.

ಮೂರು ನಿಮಿಷ, ಒಬ್ಬಳೇ ಪಾತ್ರಧಾರಿ, ಮಾತೇ ಇಲ್ಲ. ಬಸ್ಸಿನ ಬಾಡಿಗೆಯೂ ಇಲ್ಲ, ಯಾಕೆಂದರೆ ಬಸ್ಸು ತೆರೆಯ ಮೇಲೆ ಕಾಣುವುದೇ ಇಲ್ಲ. ಬಸ್ ನಿಲ್ದಾಣದಲ್ಲಿ ಬೇರೆ ದಿನ ಹಿಡಿದಿಟ್ಟ ಸದ್ದು ಸಾಕು. ಹುಡುಗಿ ರಸ್ತೆಗೆ ಇಳಿಯುವ ಅಗತ್ಯವೂ ಇಲ್ಲ, ಮನೆಯ ಅಂಗಳದ ಕಂಬದ ಬಳಿಯೇ ತೆಗೆಯಬಹುದು. ಆದರೆ ನೋಡುವವರ ಎದೆಯಲ್ಲಿ ಒಂದು ಪ್ರಶ್ನೆ ಕೊನೆಯವರೆಗೂ ಉಳಿಯುತ್ತದೆ: ಬಸ್ಸು ನಿಲ್ಲುವುದೇ? ಕಥೆಗೆ ಇಷ್ಟೇ ಬೇಕು. ಯಾರಿಗೋ ಏನೋ ಬೇಕಾಗಿದೆ, ಅದಕ್ಕೊಂದು ಅಡ್ಡಿ ಇದೆ.

ಮುಂದಿನ ಕೆಲಸ ಕಾಗದದ್ದು. 180 ಸೆಕೆಂಡಿನ ಈ ಚಿತ್ರದಲ್ಲಿ 4,320 ಸ್ಥಿರಚಿತ್ರಗಳಿರುತ್ತವೆ. ಅವನ್ನು ಹತ್ತು ಹನ್ನೆರಡು ಶಾಟುಗಳಾಗಿ ವಿಂಗಡಿಸಿಕೊಳ್ಳಬೇಕು. ನೋಟು ಪುಸ್ತಕದಲ್ಲಿ ಚೌಕ ಹಾಕಿ ಪ್ರತಿ ಶಾಟಿನ ಚಿತ್ರ ಬರೆಯಬೇಕು. ಚಿತ್ರ ಚೆನ್ನಾಗಿರಬೇಕೆಂದಿಲ್ಲ, ಹುಡುಗಿ ಎಡಕ್ಕೋ ಬಲಕ್ಕೋ, ಹತ್ತಿರವೋ ದೂರವೋ ತಿಳಿದರಾಯಿತು. ಒಂದು ಎಚ್ಚರ ಮಾತ್ರ ಇರಲಿ. ರಸ್ತೆಯ ಒಂದೇ ಬದಿಯಿಂದ ಎಲ್ಲವನ್ನೂ ತೆಗೆಯಬೇಕು. ಈ ಬದಿಯಿಂದ ನೋಡಿದಾಗ ಹುಡುಗಿ ಬಲಕ್ಕೆ ತಿರುಗಿ ಬಸ್ಸಿನ ದಾರಿ ನೋಡುತ್ತಿದ್ದರೆ, ಎದುರು ಬದಿಯಿಂದ ತೆಗೆದ ಶಾಟಿನಲ್ಲಿ ಎಡಕ್ಕೆ ನೋಡುತ್ತಿರುವಂತೆ ಕಾಣುತ್ತಾಳೆ. ಬಸ್ಸು ಎತ್ತಣಿಂದ ಬರುತ್ತಿದೆ ಎಂದು ಪ್ರೇಕ್ಷಕ ಗಲಿಬಿಲಿಗೊಳ್ಳುತ್ತಾನೆ.

ಬೆಳಕಿನ ಪಾಠ, ಶಬ್ದದ ಪಾಠ

ಶಾಲೆಯಲ್ಲಿ ಓದಿದ ವಿಜ್ಞಾನ ಇಲ್ಲಿ ಹೆಜ್ಜೆ ಹೆಜ್ಜೆಗೂ ಕೆಲಸಕ್ಕೆ ಬರುತ್ತದೆ. ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಸೂಕ್ಷ್ಮ ಹನಿಗಳು. ಬೆಳಕು ಅವಕ್ಕೆ ತಾಗಿ ಎಲ್ಲ ದಿಕ್ಕಿಗೂ ಚದುರುವುದರಿಂದ ನೆರಳುಗಳು ಅಳಿಸಿಹೋಗುತ್ತವೆ, ಮುಖಗಳು ಮೃದುವಾಗಿ ಕಾಣುತ್ತವೆ. ಸ್ಟುಡಿಯೋದವರು ದೀಪಗಳಿಗೆ ಬಿಳಿ ಬಟ್ಟೆ ಕಟ್ಟಿ ಪಡೆಯುವ ಬೆಳಕು ಕೊಟ್ಟಿಗೆಹಾರದಲ್ಲಿ ಮಳೆಗಾಲವಿಡೀ ಬಿಟ್ಟಿ ಸಿಗುತ್ತದೆ.

ಆದರೆ ಮೊಬೈಲಿನ ಕ್ಯಾಮೆರಾಕ್ಕೆ ಮಂಜು ಗೊತ್ತಿಲ್ಲ. ಎದುರಿಗಿರುವ ದೃಶ್ಯ ಸರಾಸರಿ ಬೂದು ಬಣ್ಣದ್ದೆಂದು ಎಣಿಸಿ ಅದು ಬೆಳಕನ್ನು ಅಳೆಯುತ್ತದೆ. ಹೀಗಾಗಿ ಬೆಳ್ಳಗಿನ ಮಂಜು ಕೊಳಕು ಬೂದಿಯಾಗಿಯೂ ಹುಡುಗಿಯ ಮುಖ ಕಪ್ಪಾಗಿಯೂ ಬರುತ್ತದೆ. ತೆರೆಯ ಮೇಲೆ ಮುಖದ ಜಾಗ ಮುಟ್ಟಿ, ಬೆಳಕನ್ನು ತುಸು ಏರಿಸಿ, ಅಲ್ಲಿಗೇ ಬಿಗಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಶಾಟಿನ ನಡುವೆಯೇ ಬೆಳಕು ಏರಿಳಿಯುತ್ತದೆ.

ಹೊರಗೆ ಚಳಿಯಲ್ಲಿದ್ದ ಮೊಬೈಲನ್ನು ಹಬೆಯಾಡುವ ಅಡುಗೆಮನೆಗೆ ಒಯ್ದರೆ ಲೆನ್ಸಿನ ಮೇಲೆ ತೇವ ಕೂರುತ್ತದೆ. ತಣ್ಣನೆಯ ಗಾಜಿಗೆ ತಾಗಿದ ನೀರಾವಿ ಹನಿಯಾಗುವುದು ಪಠ್ಯದಲ್ಲಿರುವ ಸಾಂದ್ರೀಕರಣವೇ. ಐದಾರು ನಿಮಿಷ ಕಾದು, ಗಾಜು ಬೆಚ್ಚಗಾದ ಮೇಲೆ ಶುದ್ಧವಾದ ಹತ್ತಿ ಬಟ್ಟೆಯಿಂದ ಒರೆಸಿ ಕೆಲಸ ಶುರು ಮಾಡಬೇಕು. ಟ್ಯೂಬ್‌ಲೈಟಿನ ಕೆಳಗೆ ತೆಗೆದ ದೃಶ್ಯದಲ್ಲಿ ಕಪ್ಪು ಪಟ್ಟೆಗಳು ಓಡಾಡುವುದೂ ಉಂಟು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಶಟರ್ ವೇಗವನ್ನು ಐವತ್ತರಲ್ಲಿ ಒಂದು ಸೆಕೆಂಡಿಗೆ ಹೊಂದಿಸಿದರೆ ಪಟ್ಟೆ ಮಾಯವಾಗುತ್ತದೆ.

ಕ್ಯಾಮೆರಾ ಅಲುಗದಿರಲು ದುಬಾರಿ ಸ್ಟ್ಯಾಂಡು ಬೇಕಿಲ್ಲ. ಹಕ್ಕಿಗಳ ಚಿತ್ರ ತೆಗೆಯುವವರು ಕಾಳು ತುಂಬಿದ ಚೀಲದ ಮೇಲೆ ಕ್ಯಾಮೆರಾ ಊರುವುದುಂಟು. ಮಲೆನಾಡಿನಲ್ಲಿ ಕಾಳಿಗೆ ಬರವೇ? ಎರಡು ಸೇರು ಕಾಫಿ ಬೀಜ ತುಂಬಿದ ಬಟ್ಟೆ ಚೀಲ ಗೋಡೆಯ ಮೇಲೂ ಕಲ್ಲಿನ ಮೇಲೂ ಮೊಬೈಲನ್ನು ಹದವಾಗಿ ಹಿಡಿದುಕೊಳ್ಳುತ್ತದೆ.

ಶಬ್ದದ ವಿಷಯದಲ್ಲಿ ವಿದ್ಯಾರ್ಥಿಗಳ ಚಿತ್ರಗಳು ಸೋಲುವುದು ಹೆಚ್ಚು. ಮಸುಕಾದ ಚಿತ್ರವನ್ನು ಪ್ರೇಕ್ಷಕ ಸಹಿಸಿಯಾನು, ಕೇಳಿಸದ ಮಾತನ್ನು ಸಹಿಸನು. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಒಳಗೆ ಆಡಿದ ಮಾತು ಯಾವ ಮೈಕಿಗೂ ಸಿಗುವುದಿಲ್ಲ. ಮೈಕು ಮತ್ತು ಬಾಯಿಯ ನಡುವಿನ ದೂರವನ್ನು ಅರ್ಧಕ್ಕಿಳಿಸಿದರೆ ಬಂದು ತಲಪುವ ಶಬ್ದದ ತೀವ್ರತೆ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಒಂದು ಮೊಬೈಲು ದೂರದಿಂದ ಚಿತ್ರ ತೆಗೆಯಲಿ, ಇನ್ನೊಂದು ಮಾತಾಡುವವರ ಜೇಬಿನಲ್ಲಿ ಕುಳಿತು ಶಬ್ದ ಹಿಡಿಯಲಿ. ಎರಡನ್ನೂ ಆಮೇಲೆ ಹೊಂದಿಸಲು ಶಾಟಿನ ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ ತಟ್ಟಿದರೆ ಸಾಕು. ಸಿನಿಮಾದವರ ಕ್ಲ್ಯಾಪ್ ಹಲಗೆಯ ಗುಟ್ಟು ಇದೇ. ಅಂಗೈ ಕೂಡುವ ಚಿತ್ರಕ್ಕೆ ಚಪ್ಪಾಳೆಯ ಸದ್ದು ಕೂಡಿಸಿದರೆ ಉಳಿದದ್ದೆಲ್ಲ ತಾನಾಗಿ ಕೂಡುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ ಹದಿನಾಲ್ಕು ಮೀಟರ್ ದೂರದಿಂದ ಬಂದ ಸದ್ದು ಒಂದು ಫ್ರೇಮಿನಷ್ಟು ತಡವಾಗಿರುತ್ತದೆ ಎಂಬುದನ್ನೂ ಮಕ್ಕಳು ಲೆಕ್ಕ ಹಾಕಿ ನೋಡಬಹುದು.

ಹಿನ್ನೆಲೆಗೆ ಸಿನಿಮಾ ಹಾಡು ಹಾಕುವ ಚಪಲ ಬೇಡ. ಅದು ಇನ್ನೊಬ್ಬರ ಸ್ವತ್ತು. ಜೀರುಂಡೆ, ಮಳೆಹನಿ, ದೂರದ ಜೀಪು, ಕಾವಲಿಯ ಚುಂಯ್ ಸದ್ದುಗಳನ್ನು ಬೇರೆಯಾಗಿ ಹಿಡಿದಿಟ್ಟುಕೊಂಡರೆ ಅದೇ ಸಂಗೀತ.

ಕತ್ತರಿ ಹಿಡಿದ ಮೇಲೆ

ತೆಗೆದದ್ದನ್ನೆಲ್ಲ ಜೋಡಿಸುವುದೇ ಸಂಕಲನ ಎಂಬ ತಪ್ಪು ತಿಳಿವಳಿಕೆ ಇದೆ. ಬೇಡದ್ದನ್ನು ಬಿಡುವುದೇ ಸಂಕಲನ. ಚಳಿಯಲ್ಲಿ ಒಂದು ಗಂಟೆ ನಿಂತು ತೆಗೆದ ಸುಂದರವಾದ ಶಾಟು ಕಥೆಗೆ ಬೇಡವಾದರೆ ಅದನ್ನು ಕೈಬಿಡಲು ಗಟ್ಟಿ ಮನಸ್ಸು ಬೇಕು. ಮೊದಲ ಸಲ ಜೋಡಿಸಿದ್ದನ್ನು ಸ್ನೇಹಿತರಿಗೆ ತೋರಿಸುವ ಬದಲು ಕಥೆ ಗೊತ್ತಿಲ್ಲದ ಹಿರಿಯರೊಬ್ಬರಿಗೆ ತೋರಿಸಿ. ಏನನ್ನೂ ವಿವರಿಸಬೇಡಿ. ಮುಗಿದ ಮೇಲೆ 'ಅಜ್ಜಿ, ಏನಾಯ್ತು ಹೇಳಿ' ಎಂದು ಕೇಳಿ. ಅಜ್ಜಿಗೆ ಅರ್ಥವಾಗದಿದ್ದರೆ ತಪ್ಪು ಅಜ್ಜಿಯದಲ್ಲ.

ಒಳ್ಳೆಯದನ್ನು ಮಾಡಲು ಒಳ್ಳೆಯದನ್ನು ನೋಡಿರಬೇಕು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದವರ ಮುಂದಿಟ್ಟಿತು. ಹಳ್ಳಿಯವರಿಗೆ ಇದೆಲ್ಲ ತಿಳಿದೀತೇ ಎಂಬ ಅನುಮಾನ ಅಲ್ಲಿ ಸುಳ್ಳಾಯಿತು. ಇಂದು ಒಂದು ಶಾಲೆಯ ಕೋಣೆ, ಒಂದು ಬಿಳಿ ಗೋಡೆ, ಒಂದು ಪ್ರೊಜೆಕ್ಟರ್ ಇದ್ದರೆ ತಿಂಗಳಿಗೊಂದು ಚಿತ್ರ ನೋಡಿ, ಅರ್ಧ ಗಂಟೆ ಕುಳಿತು ಮಾತಾಡಬಹುದು. ನೋಡಿ ಎದ್ದುಹೋಗುವುದಕ್ಕಿಂತ ನೋಡಿ ಮಾತಾಡುವುದು ದೊಡ್ಡ ಪಾಠ.

ತಂದೆ ತಾಯಿಯರ ಪ್ರಶ್ನೆ

'ಓದೋದು ಬಿಟ್ಟು ಇದೇನು ಹುಚ್ಚು?' ಎಂಬ ಮಾತು ಈ ಆಸೆ ಇರುವ ಮಕ್ಕಳ ಮನೆಯಲ್ಲಿ ಕೇಳಿಬರುವುದು ಸಹಜ. ಕಾಫಿಗೆ ಬೆಲೆ ಇದ್ದ ವರ್ಷ ಇದೆ, ಇಲ್ಲದ ವರ್ಷವೂ ಇದೆ. ಮಗ ಅಥವಾ ಮಗಳು ಓದಿ ಒಂದು ದಡ ಸೇರಲಿ ಎಂಬ ಹೆತ್ತವರ ಚಿಂತೆಯನ್ನು ಹಗುರವಾಗಿ ಕಾಣುವಂತಿಲ್ಲ.

ಇದಕ್ಕೆ ಉತ್ತರ ಮುಚ್ಚುಮರೆಯಿಲ್ಲದೆ ಹೇಳಬೇಕು. ಕಾನ್‌ನಲ್ಲಿ 2,263 ಚಿತ್ರಗಳಲ್ಲಿ ಆಯ್ಕೆಯಾದದ್ದು 18 ಎಂದರೆ 2,245 ಚಿತ್ರಗಳು ಹಿಂದೆ ಉಳಿದವು. ಕಿರುಚಿತ್ರದಿಂದ ಹೊಟ್ಟೆ ತುಂಬುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಆದರೆ ನಾಯಕ್ ವೈದ್ಯ ಪದವಿ ಮುಗಿಸಿಯೇ ಪುಣೆಗೆ ಹೋದರು, ಕಾಸರವಳ್ಳಿ ಔಷಧ ವಿಜ್ಞಾನ ಮುಗಿಸಿಯೇ ಹೋದರು ಎಂಬುದನ್ನು ಮಕ್ಕಳು ಮರೆಯಬಾರದು. 1960ರಲ್ಲಿ ಆರಂಭವಾದ ಪುಣೆಯ ಸಂಸ್ಥೆಯಾಗಲಿ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆಯಾಗಲಿ ನಿರ್ದೇಶನ ಕಲಿಯಬಯಸುವವರಿಂದ ಪದವಿಯನ್ನು ಕೇಳುತ್ತವೆ. ಓದು ಬಿಟ್ಟವರಿಗೆ ಆ ಬಾಗಿಲು ತೆರೆಯುವುದಿಲ್ಲ.

ಪಾಲಕರೂ ಒಂದು ಸಂಗತಿ ನೆನಪಿಡಬೇಕು. ಸಿನಿಮಾ ಎಂದರೆ ನಟ, ನಿರ್ದೇಶಕ ಇಬ್ಬರೇ ಅಲ್ಲ. ಛಾಯಾಗ್ರಹಣ, ಧ್ವನಿ, ಸಂಕಲನ ಇವೆಲ್ಲ ಕಲಿತು ಮಾಡುವ ಕಸುಬುಗಳು. ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದರು. ಗುರುದತ್ತರ ಚಿತ್ರಗಳಿಗೆ ಅವರು ಹಿಡಿದ ಬೆಳಕು ದೇಶವೆಲ್ಲ ಮಾತಾಯಿತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಆ ಪರಂಪರೆಯ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಬೆಂಗಳೂರಿನ ಹೆಸರಘಟ್ಟದಲ್ಲಿದೆ.

ಸಿನಿಮಾ ವೃತ್ತಿಯಾಗದಿದ್ದರೂ ಕಲಿತದ್ದು ವ್ಯರ್ಥವಲ್ಲ. ಒಂದು ಕಿರುಚಿತ್ರ ಮುಗಿಸಿದ ಹುಡುಗ ಬೆಳಕು, ಶಬ್ದ, ಲೆಕ್ಕ, ಭಾಷೆ ನಾಲ್ಕನ್ನೂ ಕೈಯಾರೆ ಮುಟ್ಟಿರುತ್ತಾನೆ. ಐದು ಜನರನ್ನು ಬೆಳಗಿನ ಆರು ಗಂಟೆಗೆ ಒಂದೆಡೆ ಸೇರಿಸುವುದನ್ನು ಕಲಿತಿರುತ್ತಾನೆ. ಶುರು ಮಾಡಿದ್ದನ್ನು ಮುಗಿಸಿರುತ್ತಾನೆ. ಇದಕ್ಕೆಂದು ಹೊಸ ಮೊಬೈಲು ಕೊಡಿಸುವ ಅಗತ್ಯವಿಲ್ಲ. ಮನೆಯಲ್ಲಿರುವುದು ಸಾಕು. ಪರೀಕ್ಷೆ ಮುಗಿದ ರಜೆಯಲ್ಲಿ ಎರಡು ವಾರ ಅವಕಾಶ ಕೊಟ್ಟು, ಮುಗಿದ ಮೇಲೆ ಮನೆಯವರೆಲ್ಲ ಕುಳಿತು ನೋಡಿದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಡ.

ಕೆಲವು ಎಚ್ಚರಿಕೆಗಳು

ಒಂದು ಶಾಟಿನ ಆಸೆಗೆ ಪ್ರಾಣ ಪಣಕ್ಕಿಡಬಾರದು. ಚಾರ್ಮಾಡಿ ಘಾಟಿಯ ಬಂಡೆಗಳು ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತವೆ. ತಿರುವುಗಳಲ್ಲಿ ಎದುರು ಬರುವ ವಾಹನ ಕಾಣುವುದಿಲ್ಲ. ಮೂಡಿಗೆರೆ ತಾಲ್ಲೂಕಿನ ತೋಟಗಳಲ್ಲಿ ಕಾಡಾನೆಗಳ ಓಡಾಟವಿದೆ. ಮುಂಜಾನೆ, ಮುಸ್ಸಂಜೆಗಳಲ್ಲಿ ಮಕ್ಕಳು ಒಂಟಿಯಾಗಿ ಚಿತ್ರೀಕರಣಕ್ಕೆ ಹೋಗಕೂಡದು, ದೊಡ್ಡವರೊಬ್ಬರು ಜೊತೆಗಿರಲೇಬೇಕು. ಮೀಸಲು ಅರಣ್ಯದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಇನ್ನೊಂದು ಎಚ್ಚರಿಕೆ ಮನುಷ್ಯರ ಕುರಿತಾದುದು. ತೋಟದಲ್ಲಿ ಕಾಫಿ ಕುಯ್ಯುತ್ತಿರುವ ಹೆಂಗಸರು, ದೋಸೆ ಹುಯ್ಯುತ್ತಿರುವವರು ನಮ್ಮ ಚಿತ್ರಕ್ಕಾಗಿ ಅಲ್ಲಿ ನಿಂತಿಲ್ಲ. 'ಅಕ್ಕಾ, ಒಂದು ಸಿನಿಮಾ ಮಾಡ್ತಿದೀವಿ, ನಿಮ್ಮನ್ನ ತೆಗೀಬಹುದಾ?' ಎಂದು ಕೇಳುವುದು, ಬೇಡವೆಂದರೆ ಕ್ಯಾಮೆರಾ ಇಳಿಸುವುದು, ತೆಗೆದದ್ದನ್ನು ಆಮೇಲೆ ಅವರಿಗೇ ಮೊದಲು ತೋರಿಸುವುದು. ಇಷ್ಟು ಮರ್ಯಾದೆ ಕಲಿಯದ ಕೈಗೆ ಎಂಥ ಕ್ಯಾಮೆರಾ ಕೊಟ್ಟೂ ಪ್ರಯೋಜನವಿಲ್ಲ.

ಕೇಳಿದವರಿಗೆ ಊರು ಮಾತಾಡುತ್ತದೆ. ದೋಸೆಯ ಕಾವಲಿಯ ಮುಂದೆ ಎಷ್ಟು ವರ್ಷದಿಂದ ನಿಂತಿದ್ದೀರಿ ಎಂಬ ಒಂದು ಪ್ರಶ್ನೆಯಿಂದ ಒಂದು ಚಿತ್ರ ಹುಟ್ಟಬಹುದು. ಫೆಬ್ರವರಿ, ಮಾರ್ಚಿನ ಮೊದಲ ಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಗಿಡಗಳೆಲ್ಲ ಮಲ್ಲಿಗೆಯಂತೆ ಅರಳುತ್ತವೆ, ಎರಡು ಮೂರು ದಿನದಲ್ಲಿ ಬಾಡುತ್ತವೆ. ಆ ಮಳೆಗಾಗಿ ಆಕಾಶ ನೋಡುವ ಬೆಳೆಗಾರನ ಮುಖದಲ್ಲಿ ಇನ್ನೊಂದು ಚಿತ್ರವಿದೆ. ಆದರೆ ಹೂವು ಯಾರಿಗೂ ಕಾಯುವುದಿಲ್ಲ. ಅದು ಅರಳುವ ದಿನ ಕ್ಯಾಮೆರಾ ಹಿಡಿದು ಸಿದ್ಧವಾಗಿರಬೇಕಾದರೆ ಅದಕ್ಕೆ ಮೊದಲು ಬಹಳ ದಿನ ಬರಿಗಣ್ಣಿನಲ್ಲಿ ತೋಟ ನೋಡಿರಬೇಕು.

ನಾಳೆ ಬೆಳಗಿನ ಏಳು ಗಂಟೆಗೂ ಕೊಟ್ಟಿಗೆಹಾರದಲ್ಲಿ ಮಂಜು ಇಳಿದೀತು, ಬಸ್ಸು ನಿಂತೀತು, ಕಾವಲಿಯಿಂದ ಹಬೆ ಎದ್ದೀತು. ಬಸ್ಸಿನಿಂದ ಇಳಿದ ಹುಡುಗರಲ್ಲಿ ಒಬ್ಬನಾದರೂ ಮೊಬೈಲನ್ನು ಜೇಬಿನಲ್ಲೇ ಬಿಟ್ಟು ಒಂದು ನಿಮಿಷ ಸುಮ್ಮನೆ ನೋಡುತ್ತ ನಿಂತರೆ, ಅಂದಿಗೆ ಅವನ ಮೊದಲ ಕಿರುಚಿತ್ರದ ಕೆಲಸ ಶುರುವಾಯಿತು ಎನ್ನಬಹುದು.